ದೇವರ ಚಿತ್ತವೂ ಜಾತಿ ಪ್ರಮಾಣಪತ್ರದ ಅರ್ಜಿಯೂ

ಪಾಠಭಾಗಗಳು: ನ್ಯಾಯಸ್ಥಾಪಕರು 6; ಅರಣ್ಯಕಾಂಡ 22; ಎರಡನೆಯ ಅರಸುಗಳು 5; ಅಪೊಸ್ತಲರ ಕೃತ್ಯಗಳು 5.

ಸಂದೇಹದಲ್ಲಿ ಸಿಕ್ಕಿಕೊಂಡ ಮನುಷ್ಯನು ನಮ್ಮ ಸೀಮೆಯಲ್ಲಿ ಏನು ಮಾಡುತ್ತಾನೆಂಬದು ನಿಮಗೆಲ್ಲರಿಗೂ ಗೊತ್ತುಂಟು. ಗುಡಿಗೆ ಹೋಗಿ ದೇವರ ಮೇಲಿನ ಹೂವು ಬಲಕ್ಕೆ ಬೀಳುವದೋ ಎಡಕ್ಕೆ ಬೀಳುವದೋ ಎಂದು ಕಾದು ಕೂತುಕೊಳ್ಳುವವರುಂಟು, ಕಣಿ ಕೇಳುವವರುಂಟು, ಹಲ್ಲಿ ನುಡಿದರೆ ಕಿವಿಗೊಡುವವರುಂಟು. ಇವೆಲ್ಲವನ್ನು ಬಿಟ್ಟುಬಂದೆವೆಂದು ಹೇಳಿಕೊಳ್ಳುವ ನಾವಾದರೋ ಅದೇ ಕೆಲಸವನ್ನು ಬೇರೆ ರೀತಿಯಿಂದ ಮಾಡುತ್ತೇವೆ. ಕಣ್ಣು ಮುಚ್ಚಿ ಸತ್ಯವೇದವನ್ನು ತೆರೆದು ಬೆರಳಿಟ್ಟು, ಬೆರಳಿನ ಕೆಳಗೆ ಬಂದ ವಚನವನ್ನು ಉತ್ತರವೆಂದು ಹಿಡಿಯುತ್ತೇವೆ. ಎರಡು ಚೀಟಿ ಬರೆದು ಪ್ರಾರ್ಥನೆ ಮಾಡಿ ಚಿಕ್ಕ ಮಗುವಿನ ಕೈಯಿಂದ ಒಂದನ್ನು ಎತ್ತಿಸುತ್ತೇವೆ. ನಾಳೆ ಬೆಳಿಗ್ಗೆ ಮೊದಲು ಯಾರ ಫೋನು ಬರುವದೋ ಅದರ ಮೇಲೆ ತಿಳಿದುಕೊಳ್ಳೋಣವೆಂದು ಹೇಳಿದವರನ್ನೂ ನಾವು ಕಂಡಿದ್ದೇವೆ. ಇಂಥವರನ್ನು ನೋಡಿ ನಗುವದು ಸುಲಭ. ಆದರೆ ಅವರ ಸಂಕಟ ಸುಳ್ಳಲ್ಲ. ತಪ್ಪಾದ ದಾರಿಯಲ್ಲಿ ಕಾಲಿಟ್ಟು ದೇವರ ಮನಸ್ಸನ್ನು ನೋಯಿಸೇನೋ ಎಂಬ ಭಯವು ಭಕ್ತಿಯಿಂದಲೇ ಹುಟ್ಟುವ ಭಯವಾಗಿದೆ.

ಈ ತಿಂಗಳಿನ ಪಾಠದಲ್ಲಿ ಕಠಿಣವಾದ ತೀರ್ಮಾನವನ್ನು ಮಾಡಬೇಕಾದಾಗ ದೇವರ ಚಿತ್ತವನ್ನು ತಿಳುಕೊಳ್ಳುವದು ಹೇಗೆಂಬದನ್ನು ವಿಚಾರಿಸೋಣ. ಮದುವೆ, ಜಮೀನಿನ ಮಾರಾಟ, ಬೆಂಗಳೂರಿಗೆ ಗುಳೆ ಹೋಗುವದು, ಇವುಗಳ ವಿಷಯವಾಗಿ ಬಹಳ ಮಂದಿ ಬರೆದಿದ್ದಾರೆ. ಹೆಚ್ಚಾಗಿ ಯಾರೂ ಬಾಯಿಬಿಟ್ಟು ಮಾತಾಡದೆ ಇರುವ ಒಂದು ವಿಷಯವನ್ನೇ ನಾವು ಉದಾಹರಣೆಗೆ ತೆಗೆದುಕೊಳ್ಳುವೆವು.

ದಾವಣಗೆರೆ ತಾಲೂಕಿನ ಆನಗೋಡು ಹೋಬಳಿಯಲ್ಲಿ ಇಂಥ ಒಂದು ಮನೆ ಇದೆಯೆಂದು ಊಹಿಸಿಕೊಳ್ಳಿರಿ. ತಾತನ ಕಾಲದಲ್ಲಿ ದೀಕ್ಷಾಸ್ನಾನ ಹೊಂದಿದ ಮನೆ. ಎರಡೆಕರೆ ಖುಷ್ಕಿ ಜಮೀನು, ಅದರಲ್ಲಿ ಮೆಕ್ಕೆಜೋಳ. ಮಳೆ ಬಂದ ವರುಷ ಅನ್ನ, ಬಾರದ ವರುಷ ಸಾಲ. ಮಗಳು ದಿನಾಲು ಹೆದ್ದಾರಿಯಲ್ಲಿ ಬಸ್ಸು ಹಿಡಿದು ದಾವಣಗೆರೆಗೆ ಹೋಗಿ ದಾದಿಯರ ಶಿಕ್ಷಣವನ್ನು ಮುಗಿಸಿದ್ದಾಳೆ. ಈಗ ಸರಕಾರಿ ಆಸ್ಪತ್ರೆಯ ಕೆಲಸಕ್ಕೆ ಅರ್ಜಿ ಹಾಕಬೇಕು. ಅರ್ಜಿಯೊಂದಿಗೆ ಜಾತಿ ಪ್ರಮಾಣಪತ್ರವನ್ನು ಲಗತ್ತಿಸಬೇಕು. ಶಾಲೆಯ ದಾಖಲೆಯಲ್ಲಿ ಹಿಂದೂ ಎಂತಲೂ ಪರಿಶಿಷ್ಟ ಜಾತಿಯೊಂದರ ಹೆಸರೂ ಬರೆದದೆ. ಸಭೆಯ ಪುಸ್ತಕದಲ್ಲಾದರೋ ಅವಳ ದೀಕ್ಷಾಸ್ನಾನದ ತಾರೀಖು ಅದೆ. ತಂದೆಯು ಸಾಯಂಕಾಲ ಸಭಾಪಾಲಕರ ಮನೆಗೆ ಬಂದು ಜಗಲಿಯ ಮೇಲೆ ಕೂತು, "ಅಯ್ಯನೋರೇ, ನಾಡಕಚೇರಿಗೆ ಹೋಗಬೇಕು. ಹಳೇ ಹೆಸರಿನ ಮೇಲೆ ಪತ್ರ ಮಾಡಿಸಲೋ ಬೇಡವೋ? ದೇವರ ಚಿತ್ತ ಏನದೆ ಅಂತ ಪ್ರಾರ್ಥನೆ ಮಾಡಿ ಹೇಳ್ರಿ," ಎಂದು ಕೇಳುತ್ತಾನೆ.

ಇಂಥ ಮನೆಗಳು ಒಂದಲ್ಲ, ಎರಡಲ್ಲ. 2025ರ ಸೆಪ್ಟೆಂಬರ್ 22ರಿಂದ ನಮ್ಮ ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆದಾಗ ಗಣತಿದಾರರು ಬಾಗಿಲಿಗೆ ಬಂದು ಧರ್ಮವೇನು, ಜಾತಿ ಯಾವದು ಎಂದು ಕೇಳಿದರಷ್ಟೆ. ಆ ಎರಡು ಪ್ರಶ್ನೆಗಳಿಗೆ ಉತ್ತರ ಹೇಳುವ ಮೊದಲು ಗಂಡಹೆಂಡರು ಒಬ್ಬರ ಮುಖವನ್ನೊಬ್ಬರು ನೋಡಿದ ಮನೆಗಳು ನಮ್ಮ ಸಭೆಗಳಲ್ಲಿ ಎಷ್ಟೋ ಇದ್ದಾವು.

ಮೊದಲು ಕಾನೂನಿನ ಸ್ಥಿತಿಯನ್ನು ಸ್ಪಷ್ಟವಾಗಿ ತಿಳುಕೊಳ್ಳೋಣ. ವಿಷಯವನ್ನು ತಿಳಿಯದೆ ಮಾಡಿದ ಪ್ರಾರ್ಥನೆಯು ಎಷ್ಟೋ ಸಾರಿ ಸೋಮಾರಿತನಕ್ಕೆ ಇಟ್ಟ ಒಳ್ಳೇ ಹೆಸರಾಗಿರುತ್ತದೆ. 1950ರ ಪರಿಶಿಷ್ಟ ಜಾತಿಗಳ ಆಜ್ಞೆಯ ಮೂರನೆಯ ಕಂಡಿಕೆಯು ಹಿಂದೂ ಧರ್ಮವನ್ನು ಬಿಟ್ಟು ಬೇರೆ ಧರ್ಮವನ್ನು ಅವಲಂಬಿಸಿದವರನ್ನು ಪರಿಶಿಷ್ಟ ಜಾತಿಯವರೆಂದು ಎಣಿಸುವದಿಲ್ಲ. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಈ ಬಾಗಿಲು ತೆರೆಯಿತು; ಕ್ರೈಸ್ತರಿಗೂ ಮುಸಲ್ಮಾನರಿಗೂ ತೆರೆಯಲಿಲ್ಲ. ಪರಿಶಿಷ್ಟ ಪಂಗಡದವರ ಸಂಗತಿ ಬೇರೆ. ಅವರಿಗೆ ಧರ್ಮದ ಈ ಕಟ್ಟು ಇಲ್ಲ. ಆದಕಾರಣ ನಮ್ಮ ಜಿಲ್ಲೆಯಲ್ಲಿ ನಾಯಕ ಜನಾಂಗದಿಂದ ಬಂದ ಕ್ರೈಸ್ತನ ಪ್ರಶ್ನೆಯೂ ಪರಿಶಿಷ್ಟ ಜಾತಿಯಿಂದ ಬಂದವನ ಪ್ರಶ್ನೆಯೂ ಒಂದೇ ಅಲ್ಲ. ಇದಲ್ಲದೆ ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರಿಗೆ ಪ್ರವರ್ಗ 1ರಲ್ಲಿ ಸ್ಥಳವುಂಟು. ಇದನ್ನು ಅರಿಯದೆ, ಸುಳ್ಳು ಹೇಳಬೇಕು ಇಲ್ಲವೆ ಎಲ್ಲವನ್ನೂ ಕಳಕೊಳ್ಳಬೇಕು ಎಂದು ಎರಡೇ ದಾರಿಗಳನ್ನು ಕಾಣುವವರು ಬಹಳ. ಪ್ರವರ್ಗ 1ರ ಪಾಲು ಪರಿಶಿಷ್ಟ ಜಾತಿಯ ಪಾಲಿಗಿಂತ ಬಹಳ ಕಿರಿದೆಂಬದು ನಿಜವೇ. ಆದರೂ ಅದು ಇಲ್ಲದ್ದಲ್ಲ. ತಹಶೀಲದಾರರ ಕಚೇರಿಯಲ್ಲಿ ವಿಚಾರಿಸಿದ ಹೊರತು ಯಾರೂ ಈ ವಿಷಯದಲ್ಲಿ ಮೊಣಕಾಲೂರಬಾರದೆಂದು ಹೇಳಿದರೆ ಒರಟು ಮಾತಾದೀತು. ಆದರೂ ಅದರಲ್ಲಿ ಸತ್ಯವದೆ.

2024ರ ನವೆಂಬರ್ 26ರಂದು ಸರ್ವೋಚ್ಚ ನ್ಯಾಯಾಲಯವು ಪುದುಚ್ಚೇರಿಯ ಒಬ್ಬ ಸ್ತ್ರೀಯ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಆಕೆಯು ಶಿಶುವಾಗಿದ್ದಾಗಲೇ ದೀಕ್ಷಾಸ್ನಾನ ಹೊಂದಿ ಕ್ರಮವಾಗಿ ಆರಾಧನೆಗೆ ಹೋಗುತ್ತಿದ್ದವಳು. ಗುಮಾಸ್ತೆಯ ಉದ್ಯೋಗಕ್ಕಾಗಿ ಹಿಂದೂ ಪರಿಶಿಷ್ಟ ಜಾತಿಯ ಪ್ರಮಾಣಪತ್ರವನ್ನು ಕೇಳಿದ್ದಳು. ನಂಬಿಕೆಯಿಲ್ಲದೆ ಮೀಸಲಾತಿಯ ಲಾಭಕ್ಕೋಸ್ಕರ ಮಾತ್ರ ಹೀಗೆ ಹೇಳಿಕೊಳ್ಳುವದು ಸಂವಿಧಾನಕ್ಕೆ ಮಾಡುವ ಮೋಸವೆಂದು ನ್ಯಾಯಾಧೀಶರು ಎಣಿಸಿದರು. ಹಾಗಾದರೆ ಆ ಕಂಡಿಕೆ ನ್ಯಾಯವಾದದ್ದೋ? ಅಲ್ಲವೆಂದು ಹೇಳುವವರು ಬಹಳ ಮಂದಿ ಇದ್ದಾರೆ. ಈ ಬರಹಗಾರನೂ ಅವರಲ್ಲೊಬ್ಬನು. ದೀಕ್ಷಾಸ್ನಾನದ ನೀರು ತಲೆಯ ಮೇಲೆ ಬಿದ್ದ ಮಾತ್ರಕ್ಕೆ ಊರಿನವರು ಕೇರಿಯವನನ್ನು ಬೇರೆ ಕಣ್ಣಿನಿಂದ ನೋಡಲಿಲ್ಲ. ಸಭೆಯೊಳಗೂ ಪಂಕ್ತಿಯಲ್ಲೂ ಸಮಾಧಿಯ ಭೂಮಿಯಲ್ಲೂ ಜಾತಿಯು ನಮ್ಮ ಬೆನ್ನು ಹತ್ತಿ ಬಂದದ್ದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. 2004ರಲ್ಲಿ ಈ ಕಂಡಿಕೆಯ ವಿರುದ್ಧ ಸರ್ವೋಚ್ಚ ನ್ಯಾಯಾಲಯದಲ್ಲಿ ಅರ್ಜಿ ದಾಖಲಾಯಿತು. 2007ರಲ್ಲಿ ರಂಗನಾಥ ಮಿಶ್ರಾ ಆಯೋಗವು ಪರಿಶಿಷ್ಟ ಜಾತಿಯ ಗಣನೆಯಿಂದ ಧರ್ಮದ ಕಟ್ಟನ್ನು ತೆಗೆದುಹಾಕಬೇಕೆಂದು ಶಿಫಾರಸು ಮಾಡಿತು. ಅನ್ಯಾಯವನ್ನು ಅನ್ಯಾಯವೆಂದು ಹೇಳುವದು ಕ್ರೈಸ್ತನ ಕರ್ತವ್ಯವೇ ಸರಿ. ಆದರೆ ಜಗಲಿಯ ಮೇಲೆ ಕೂತಿರುವ ತಂದೆಯ ಪ್ರಶ್ನೆಯು ಕಾನೂನು ಹೇಗಿರಬೇಕಾಗಿತ್ತು ಎಂಬದಲ್ಲ. ನಾಳೆ ಹತ್ತು ಘಂಟೆಗೆ ಕಚೇರಿಯಲ್ಲಿ ಏನು ಹೇಳಬೇಕೆಂಬದೇ.

ಇಲ್ಲಿ ಗಿದ್ಯೋನನ ಬಳಿಗೆ ಹೋಗೋಣ. ದೇವರ ಚಿತ್ತವೆಂದ ಕೂಡಲೆ ನಮ್ಮ ಜನರಿಗೆ ನೆನಪಾಗುವದು ಅವನ ಕುರಿಯ ತುಪ್ಪಟವೇ. ತುಪ್ಪಟದ ಮೇಲೆ ಮಾತ್ರ ಮಂಜು ಬೀಳಲಿ, ನೆಲ ಒಣಗಿರಲಿ ಎಂದು ಒಂದು ಸಾರಿ ಕೇಳಿದನು. ಮಾರನೆಯ ದಿನ ಅದಕ್ಕೆ ತದ್ವಿರುದ್ಧವಾಗಿ ಕೇಳಿದನು. ನಾವೂ ಹೀಗೆಯೇ ಗುರುತು ಕೇಳಬಹುದೆಂದು ಅನೇಕರು ಎಣಿಸುತ್ತಾರೆ. ಆದರೆ ಅಧ್ಯಾಯವನ್ನು ಮೊದಲಿನಿಂದ ಓದಿ ನೋಡಿರಿ. ತುಪ್ಪಟದ ಮಾತು ಬರುವದು ಮೂವತ್ತಾರನೆಯ ವಚನದಲ್ಲಿ. ದೇವರು ಅವನಿಗೆ ಹೋಗೆಂದು ಅಪ್ಪಣೆ ಕೊಟ್ಟದ್ದು ಹದಿನಾಲ್ಕನೆಯ ವಚನದಲ್ಲಿಯೇ. ಗುರುತು ಕೇಳುವಾಗ ಗಿದ್ಯೋನನು ತಾನೇ ಅದನ್ನು ಒಪ್ಪಿಕೊಂಡು, ನೀನು ಹೇಳಿದ ಪ್ರಕಾರ ಎಂಬ ಅರ್ಥದ ಮಾತನ್ನು ಆಡುತ್ತಾನೆ. ಅವನಿಗೆ ತಿಳುವಳಿಕೆಯ ಕೊರತೆಯಿರಲಿಲ್ಲ, ಧೈರ್ಯದ ಕೊರತೆಯಿತ್ತು. ದೇವರು ಬಲಹೀನನನ್ನು ಕನಿಕರಿಸಿ ಎರಡು ಸಾರಿಯೂ ಅವನು ಕೇಳಿದಂತೆ ಮಾಡಿದನು. ಆ ಕನಿಕರವು ದೊಡ್ಡದು. ಆದರೆ ಹೆದರಿದವನಿಗೆ ತೋರಿಸಿದ ಕನಿಕರವನ್ನು ಎಲ್ಲರಿಗೂ ಹಾಕಿಕೊಟ್ಟ ಪದ್ಧತಿಯೆಂದು ತೆಗೆದುಕೊಳ್ಳುವದು ಹೇಗೆ?

ಬಿಳಾಮನ ಸಂಗತಿಯು ಇದಕ್ಕಿಂತ ಘೋರವಾದದ್ದು. ಬಾಲಾಕನ ದೂತರು ಮೊದಲನೆಯ ಸಾರಿ ಬಂದಾಗ ಹೋಗಬಾರದೆಂದೂ ಶಪಿಸಬಾರದೆಂದೂ ದೇವರು ನೇರವಾಗಿ ಹೇಳಿದನು. ಎರಡನೆಯ ಸಾರಿ ಹೆಚ್ಚು ಮಂದಿ, ಹೆಚ್ಚು ಘನವುಳ್ಳ ಪ್ರಧಾನರು, ಹೆಚ್ಚಿನ ಸನ್ಮಾನದ ಮಾತಿನೊಂದಿಗೆ ಬಂದರು. ಆಗ ಬಿಳಾಮನು ಈ ರಾತ್ರಿ ಇಲ್ಲೇ ಇರಿ, ದೇವರು ಇನ್ನೇನು ಹೇಳುತ್ತಾನೋ ಕೇಳಿ ನೋಡುತ್ತೇನೆ ಎಂದನು. ಏನು ಬದಲಾಗಿತ್ತು? ದೇವರ ಮನಸ್ಸು ಬದಲಾಗಿರಲಿಲ್ಲ, ಸಂಬಳ ಬದಲಾಗಿತ್ತು. ಒಮ್ಮೆ ಸ್ಪಷ್ಟವಾದ ಉತ್ತರ ಸಿಕ್ಕಿದ ಮೇಲೆಯೂ ನಾವು ಮತ್ತೊಮ್ಮೆ ಪ್ರಾರ್ಥನೆಗೆ ಕೂತುಕೊಂಡರೆ, ಹೊಸದಾಗಿ ಬಂದದ್ದು ಹೊಸ ಬೆಳಕೋ ಹೊಸ ಬೆಲೆಯೋ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಸುಳ್ಳು ಹೇಳಬಾರದೆಂಬದು ನಮ್ಮ ಸಂಡೇಸ್ಕೂಲಿನ ಮಕ್ಕಳಿಗೂ ಗೊತ್ತಿರುವ ಮಾತು. ಈ ಒಂದು ಸಾರಿ ಹೇಳಬಹುದೋ ಎಂದು ಕಣ್ಣು ಮುಚ್ಚಿ ಕೇಳುವಾಗ ನಾವು ಯಾರ ಹೆಜ್ಜೆಯನ್ನು ಹಿಡಿದಿದ್ದೇವೆ?

ಚೀಟಿ ಎತ್ತುವ ಪದ್ಧತಿ ನಮ್ಮ ಹಳ್ಳಿಗರದು ಮಾತ್ರವೆಂದು ಯಾರೂ ತಿಳಿಯಬಾರದು. ಮೈಸೂರು ಸಂಸ್ಥಾನದ ಊರೂರುಗಳಲ್ಲಿ ಕೆಲಸ ಮಾಡಿ, 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಇಂಡಿಯಾ ಸಭೆಯಲ್ಲಿ ಕೂಡಿಕೊಂಡ ವೆಸ್ಲಿಯನ್ ಮಿಷನಿನ ಮೂಲಪುರುಷನಾದ ಜಾನ್ ವೆಸ್ಲಿಯೇ ಇದನ್ನು ಮಾಡಿದ್ದನು. 1739ರ ಮಾರ್ಚ್ ತಿಂಗಳಿನಲ್ಲಿ ಜಾರ್ಜ್ ವೈಟ್‌ಫೀಲ್ಡನು ಬ್ರಿಸ್ಟಲ್ ಪಟ್ಟಣಕ್ಕೆ ಬಂದು ತನ್ನ ಕೆಲಸವನ್ನು ಮುಂದರಿಸಬೇಕೆಂದು ಅವನನ್ನು ಕರೆದನು. ವೆಸ್ಲಿಗೆ ಮನಸ್ಸಿರಲಿಲ್ಲ, ತಮ್ಮನಾದ ಚಾರ್ಲ್ಸನಿಗಂತೂ ಸುತರಾಂ ಒಪ್ಪಿಗೆ ಇರಲಿಲ್ಲ. ಆಗ ಅವರು ಸತ್ಯವೇದವನ್ನು ಹಾಗೆಯೇ ತೆರೆದು ನೋಡಿದರು. ಒಂದಾದ ಮೇಲೊಂದು ಬಂದ ವಚನಗಳೆಲ್ಲ ಮರಣದವು, ಸಮಾಧಿಯವು, ಗೋಳಾಟದವು: ಬೆಟ್ಟವನ್ನು ಹತ್ತಿ ಸಾಯಬೇಕಾದ ಮೋಶೆ, ಸ್ತೆಫನನನ್ನು ಹೂಣಿಟ್ಟ ಭಕ್ತರು. ಲಂಡನಿನ ಫೆಟರ್ ಲೇನಿನ ಸಹೋದರರು ಒಮ್ಮತಕ್ಕೆ ಬಾರದೆ ಕಡೆಗೆ ಚೀಟಿ ಹಾಕಿದರು, ಚೀಟಿಯು ಹೋಗಬೇಕೆಂದಿತು. ಅವನು ಹೋದನು, ಏಪ್ರಿಲ್ 2ರಂದು ಬ್ರಿಸ್ಟಲಿನಲ್ಲಿ ಬಯಲಿನಲ್ಲಿ ನಿಂತು ಬಡಜನರಿಗೆ ಸುವಾರ್ತೆಯನ್ನು ಸಾರಿದನು. ಅಲ್ಲಿಂದಾಚೆಗೆ ನಡೆದದ್ದು ಸಭಾಚರಿತ್ರೆಯಲ್ಲಿ ಅದೆ.

ಹಾಗಾದರೆ ಚೀಟಿ ಸರಿಯಾಗಿ ಹೇಳಿತಲ್ಲವೇ ಎಂದು ಯಾರಾದರೂ ಕೇಳಬಹುದು. ಒಳ್ಳೇದು, ಆದರೆ ವಚನಗಳು ಏನು ಹೇಳಿದವು? ಅವು ಸಾವಿನ ಗುರುತುಗಳಾಗಿದ್ದ ಪಕ್ಷದಲ್ಲಿ ವೆಸ್ಲಿಯು ಅದಾದ ಮೇಲೆ 52 ವರುಷ ಬದುಕಿ 1791ರಲ್ಲಿ ಮುಪ್ಪಿನ ಮುದುಕನಾಗಿ ತೀರಿಕೊಂಡದ್ದು ಹೇಗೆ? ಒಂದೇ ಕೋಣೆಯಲ್ಲಿ, ಒಂದೇ ಪ್ರಶ್ನೆಗೆ, ಪುಸ್ತಕವು ಹೋಗಬೇಡವೆಂಬಂತೆಯೂ ಚೀಟಿಯು ಹೋಗೆಂಬಂತೆಯೂ ಹೇಳಿದರೆ ಯಾವದು ದೇವರ ಶಬ್ದ? ಚೀಟಿಯ ಪದ್ಧತಿಯನ್ನು ವೆಸ್ಲಿಯು ಕಲಿತದ್ದು ಮೊರೇವಿಯನ್ ಸಹೋದರರಿಂದ. ಮದುವೆಗಳನ್ನೂ ಚೀಟಿಯಿಂದ ಗೊತ್ತುಮಾಡುತ್ತಿದ್ದ ಆ ಭಕ್ತಜನರೇ 1818ರಲ್ಲಿ ಸಾಮಾನ್ಯ ಸಭಿಕರ ಮದುವೆಯ ವಿಷಯದಲ್ಲಿ ಅದನ್ನು ಕೈಬಿಟ್ಟರು.

1750ರಲ್ಲಿ ವೆಸ್ಲಿಯು ಭಕ್ತಿಯ ಹುಚ್ಚಾವೇಶದ ವಿಷಯವಾಗಿ ಒಂದು ಪ್ರಸಂಗವನ್ನು ಅಚ್ಚುಹಾಕಿಸಿದನು. ಅದರಲ್ಲಿ ದೇವರ ಚಿತ್ತವನ್ನು ಕನಸುಗಳಿಂದಲೂ ದರ್ಶನಗಳಿಂದಲೂ ಮನಸ್ಸಿಗೆ ಥಟ್ಟನೆ ತೋರುವ ಪ್ರೇರಣೆಗಳಿಂದಲೂ ಹುಡುಕುವವರನ್ನು ಎಚ್ಚರಿಸಿ ಅವನು ಕೊಟ್ಟ ಬುದ್ಧಿವಾದದ ಸಾರ ಇದು. ದೇವರ ಚಿತ್ತವು ಸಾಮಾನ್ಯವಾಗಿ ಏನೆಂಬದು ಗುಟ್ಟಲ್ಲ. ನಾವು ಪರಿಶುದ್ಧರಾಗಬೇಕು, ನೆರೆಯವರಿಗೆ ಒಳ್ಳೇದನ್ನು ಮಾಡಬೇಕು. ಇದು ವೇದವಾಕ್ಯದಿಂದಲೇ ಸ್ಪಷ್ಟ. ಮದುವೆಯಾಗಬೇಕೋ ಬೇಡವೋ, ಹೊಸ ಉದ್ಯೋಗಕ್ಕೆ ಕೈಹಾಕಬೇಕೋ ಬೇಡವೋ ಎಂಬಂಥ ಪ್ರಶ್ನೆ ಬಂದಾಗ, ಯಾವ ದಾರಿಯಲ್ಲಿ ನಾನು ಹೆಚ್ಚು ಪರಿಶುದ್ಧನಾಗುವೆನು, ಯಾವದರಲ್ಲಿ ಹೆಚ್ಚು ಒಳ್ಳೇದನ್ನು ಮಾಡಬಲ್ಲೆನು ಎಂದು ನೋಡತಕ್ಕದ್ದು. ಅದನ್ನು ತಿಳಿಯಲು ಒಂದು ಕಡೆ ಅನುಭವವೂ ಮತ್ತೊಂದು ಕಡೆ ಬುದ್ಧಿಯೂ ಇವೆ. ಆತ್ಮನ ಸಹಾಯವು ಇವುಗಳ ಮೂಲಕ ಮೌನವಾಗಿ ನಡೆಯುತ್ತದೆ. ದೇವರ ಚಿತ್ತವೇನೆಂದು ಕೇಳುವ ಬದಲಾಗಿ, ನನ್ನ ಆತ್ಮಕ್ಕೆ ಯಾವದು ಹಿತ, ಯಾವದರಿಂದ ನಾನು ಹೆಚ್ಚು ಉಪಯುಕ್ತನಾಗುವೆನು ಎಂದು ಕೇಳಿಕೊಳ್ಳುವದೇ ಮೇಲೆಂಬಷ್ಟರ ಮಟ್ಟಿಗೆ ಅವನು ಹೋಗುತ್ತಾನೆ. ಹನ್ನೊಂದು ವರುಷಗಳ ಹಿಂದೆ ಚೀಟಿಯ ಮುಂದೆ ಕೂತಿದ್ದ ಮನುಷ್ಯನ ಮಾತು ಇದು.

ಈ ಅಳತೆಯನ್ನು ಹಿಡಿದು ಆನಗೋಡಿನ ಆ ಪ್ರಶ್ನೆಯನ್ನು ಬಿಡಿಸಿ ನೋಡೋಣ. ಅದರಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡವೆ. ಸರಕಾರಿ ಕೆಲಸವನ್ನು ಹುಡುಕಬಹುದೋ ಎಂಬದು ಒಂದು. ಇದಕ್ಕೆ ಗುರುತು ಬೇಕಾಗಿಲ್ಲ; ರೋಗಿಗಳ ಶುಶ್ರೂಷೆಯು ಒಳ್ಳೇ ಕೆಲಸ, ಸಂಬಳವೂ ಪಾಪವಲ್ಲ. ನಂಬದೆ ಇರುವದನ್ನು ನಂಬುತ್ತೇನೆಂದು ಬರೆದುಕೊಡಬಹುದೋ ಎಂಬದು ಇನ್ನೊಂದು. ಇದಕ್ಕೂ ಗುರುತು ಬೇಕಾಗಿಲ್ಲ. ಕಷ್ಟವಿರುವದು ಬೇರೆ ಕಡೆ: ಮೊದಲನೆಯದನ್ನು ಪಡೆಯಲು ಎರಡನೆಯದೇ ಹತ್ತಿರದ ದಾರಿಯಾಗಿ ತೋರುತ್ತದೆ. ಅನನೀಯ ಸಪ್ಫೈರರ ಕಥೆಯಲ್ಲಿ ಪೇತ್ರನು ಆಡಿದ ಮಾತನ್ನು ನಮ್ಮ ಪ್ರಸಂಗಿಗಳು ಸಾಕಷ್ಟು ಎತ್ತಿ ಹೇಳುವದಿಲ್ಲ. ಹೊಲವು ನಿನ್ನದೇ ಆಗಿತ್ತು, ಮಾರಿದ ಮೇಲೆ ಹಣವೂ ನಿನ್ನ ಕೈಯಲ್ಲೇ ಇತ್ತೆಂಬ ತಾತ್ಪರ್ಯವನ್ನು ಅವನು ಸ್ಪಷ್ಟವಾಗಿ ಹೇಳುತ್ತಾನೆ. ಅಂದರೆ ಕೊಡದೆ ಇದ್ದದ್ದು ಅವರ ಅಪರಾಧವಲ್ಲ. ಕೊಡದೆ ಕೊಟ್ಟವರಂತೆ ಕಾಣಿಸಿಕೊಂಡದ್ದೇ ಅಪರಾಧ. ಬಡ ಮನೆಯು ತನ್ನ ಹಿತವನ್ನು ನೋಡಿಕೊಂಡದ್ದಕ್ಕೆ ದೇವರು ಮುನಿಯುವದಿಲ್ಲ. ಎರಡು ಮುಖಗಳನ್ನು ಇಟ್ಟುಕೊಂಡರೆ, ಒಂದು ದಿನ ಕಚೇರಿಗೆ ಹೆದರಿ ಸಭೆಯನ್ನು ಬಿಡಬೇಕಾಗುತ್ತದೆ, ಸಭೆಗೆ ಹೆದರಿ ಕಚೇರಿಯ ಸಂಗತಿಯನ್ನು ಮುಚ್ಚಬೇಕಾಗುತ್ತದೆ. ಮಗಳ ಮದುವೆಯನ್ನು ದೇವಾಲಯದಲ್ಲಿ ಮಾಡಲು ಅಂಜುವವರು, ಹೆಸರು ದಾಖಲೆಗೆ ಹೋದೀತೆಂದು ಮಕ್ಕಳ ದೀಕ್ಷಾಸ್ನಾನವನ್ನು ಮುಂದೂಡುವವರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು.

ಆದರೂ ಇಲ್ಲಿ ನಾಮಾನನನ್ನು ಮರೆಯಬಾರದು. ಕುಷ್ಠದಿಂದ ಗುಣಹೊಂದಿ ಇಸ್ರಾಯೇಲಿನ ದೇವರನ್ನು ನಂಬಿದ ಮೇಲೆ ಅವನು ಎಲೀಷನಿಗೆ ಒಂದು ಬಿನ್ನಹ ಮಾಡಿದನು. ತನ್ನ ಅರಸನು ರಿಮ್ಮೋನನ ಗುಡಿಗೆ ಹೋಗುವಾಗ ತನ್ನ ಕೈಯ ಮೇಲೆ ಆತುಕೊಳ್ಳುತ್ತಾನೆ. ಆಗ ತಾನೂ ಬಾಗಬೇಕಾಗುತ್ತದೆ. ಈ ಒಂದು ವಿಷಯದಲ್ಲಿ ಕ್ಷಮೆಯಾಗಲಿ ಎಂದನು. ಪ್ರವಾದಿಯು ಅವನನ್ನು ಗದರಿಸಲಿಲ್ಲ. ಸಮಾಧಾನದಿಂದ ಹೋಗೆಂದು ಕಳುಹಿಸಿದನು. ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ನಮ್ಮಲ್ಲಿ ಎರಡು ತಲೆಮಾರುಗಳಿಂದ ಎರಡು ಹೆಸರುಗಳಲ್ಲಿ ಬದುಕುತ್ತಿರುವ ಮನೆಗಳುಂಟು. ಓದುಬರಹ ಬಾರದ ತಂದೆ ಶಾಲೆಯ ಬಾಗಿಲಲ್ಲಿ ನಿಂತಾಗ ಮೇಷ್ಟ್ರು ತಮಗೆ ತೋಚಿದ್ದನ್ನು ಬರೆದುಕೊಂಡರು. ಅದೇ ಇಂದಿನ ತನಕ ನಡೆದು ಬಂದದೆ. ಅಂಥವರ ಮೇಲೆ ಪ್ರಸಂಗಪೀಠದಿಂದ ಕಲ್ಲೆಸೆಯುವವನು, ತನ್ನ ಮನೆಯ ಸಂಬಳ ಎಲ್ಲಿಂದ ಬರುತ್ತದೆಂಬದನ್ನು ಒಮ್ಮೆ ನೆನಸಿಕೊಳ್ಳಲಿ. ನಾಮಾನನ ಮಾತಿನಲ್ಲಿ ಗಮನಿಸತಕ್ಕದ್ದು ಒಂದುಂಟು: ಅವನು ಪ್ರವಾದಿಯ ಮುಂದೆ ಅದನ್ನು ಬಚ್ಚಿಡಲಿಲ್ಲ, ಹೋಗುವ ಮೊದಲೇ ಬಾಯಿಬಿಟ್ಟು ಹೇಳಿದನು, ಅದಕ್ಕೆ ಕ್ಷಮೆ ಬೇಕೆಂಬದನ್ನೂ ತಾನೇ ಒಪ್ಪಿದನು.

ಕನ್ನಡ ಕ್ರೈಸ್ತರ ಚರಿತ್ರೆಯಲ್ಲಿ ಇಂಥ ತೀರ್ಮಾನಕ್ಕೆ ದೊಡ್ಡ ಬೆಲೆ ಕೊಟ್ಟವನು ಮಂಗಳೂರಿನ ಆನಂದರಾವ್ ಕೌಂಡಿನ್ಯನು. ಸಾರಸ್ವತ ಬ್ರಾಹ್ಮಣರ ಮನೆತನದ ಈ ಯುವಕನು ಬಾಸೆಲ್ ಮಿಷನಿನ ಇಂಗ್ಲಿಷ್ ಶಾಲೆಯಲ್ಲಿ ಓದಿ, 1844ರ ಜನವರಿ 6ರಂದು ದೀಕ್ಷಾಸ್ನಾನ ಹೊಂದಿ, ಮಂಗಳೂರ ಸಮಾಚಾರವನ್ನು ಪ್ರಾರಂಭಿಸಿದ ಹೆರ್ಮನ್ ಮೊಗ್ಲಿಂಗನ ಹೆಸರನ್ನು ತನ್ನ ಹೆಸರಿನೊಂದಿಗೆ ಕೂಡಿಸಿಕೊಂಡನು. ಆ ಕಾಲದಲ್ಲಿ ಜಾತಿಯನ್ನು ಬಿಟ್ಟವನಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕಿನ ಭರವಸೆ ಇರಲಿಲ್ಲ. ಜಾತಿ ಹೋದ ಮಾತ್ರಕ್ಕೆ ಆಸ್ತಿ ಹೋಗಬಾರದೆಂಬ ಕಾನೂನು ಬ್ರಿಟಿಷ್ ಇಂಡಿಯಾದಲ್ಲಿ ಹುಟ್ಟಿದ್ದು ಆರು ವರುಷಗಳಾದ ಮೇಲೆ, 1850ರಲ್ಲಿ. ಮೈಸೂರು ಸಂಸ್ಥಾನದಲ್ಲಿ, ಅಂದರೆ ನಮ್ಮ ಆನಗೋಡು ದಾವಣಗೆರೆಗಳಲ್ಲಿ, ಆ ಕಾನೂನಿನ ಆಶ್ರಯವು ಬಹು ಕಾಲ ದೊರೆಯಲೇ ಇಲ್ಲ. ಬೆಲೆಯನ್ನು ಲೆಕ್ಕ ಹಾಕಿಯೇ ಅವನು ಹೆಜ್ಜೆಯಿಟ್ಟನೆಂದು ತಿಳುಕೊಳ್ಳಬಹುದು. ಆಮೇಲೆ ಬಾಸೆಲಿಗೆ ಹೋಗಿ ದೇವಶಾಸ್ತ್ರವನ್ನು ಓದಿ 1851ರಲ್ಲಿ ಸಭಾಪಾಲಕನಾಗಿ ನೇಮಕಗೊಂಡು ತಿರುಗಿ ಬಂದನು.

ಅವನ ಧೈರ್ಯವನ್ನು ಹೊಗಳುವವರು ಒಂದನ್ನು ಬಿಟ್ಟುಬಿಡುತ್ತಾರೆ. ಚಿಕ್ಕಂದಿನಲ್ಲೇ ಮದುವೆಯಾದ ಅವನ ಹೆಂಡತಿಯು ಅವನೊಂದಿಗೆ ಬರಲಿಲ್ಲ. ಅವಳ ಕಡೆಯಿಂದ ಆ ವರುಷಗಳು ಹೇಗೆ ಕಂಡವೆಂಬದನ್ನು ಯಾವ ಮಿಷನ್ ವರದಿಯನ್ನು ಓದಿದರೆ ತಿಳಿದೀತು? ಒಬ್ಬನು ದೇವರ ಚಿತ್ತವೆಂದು ಹಿಡಿದ ದಾರಿಯ ಸುಂಕವನ್ನು ಅನೇಕ ವೇಳೆ ಇನ್ನೊಬ್ಬರು ಕಟ್ಟುತ್ತಾರೆ. ಅವನ ನಿಶ್ಚಯ ತಪ್ಪೆಂದು ಇದರಿಂದ ಹೇಳಲಾಗದು. ನಮ್ಮ ನಿಶ್ಚಯಗಳನ್ನು ಮಾಡುವಾಗ ಸುಂಕ ಕಟ್ಟುವವರು ಯಾರೆಂದು ನೋಡದೆ ಇರಬಾರದೆಂದು ಮಾತ್ರ ಹೇಳಬಹುದು.

ನಮ್ಮ ಉದಾಹರಣೆಯಲ್ಲಿ ಸುಂಕ ಕಟ್ಟುವವಳು ಮಗಳು. ತಂದೆ ಬಂದು ಕೇಳಿದನು, ಸಭಾಪಾಲಕರು ಯೋಚಿಸಿದರು, ನಾವೂ ಇಷ್ಟು ಹೊತ್ತು ವಾದ ಮಾಡಿದೆವು. ಅವಳನ್ನು ಯಾರಾದರೂ ಕೇಳಿದರೋ? ಕಾನೂನು ಕೇಳುವದು ಯಾವ ಧರ್ಮವನ್ನು ಅವಲಂಬಿಸಿದ್ದೀರೆಂದೇ. ಅದು ಅವಳೇ ಉತ್ತರ ಕೊಡತಕ್ಕ ಪ್ರಶ್ನೆ. ಶಿಶುವಾಗಿದ್ದಾಗ ಇತರರು ಅವಳಿಗೋಸ್ಕರ ಮಾಡಿದ ಪ್ರತಿಜ್ಞೆಯನ್ನು ಅವಳು ಬುದ್ಧಿಬಂದ ಮೇಲೆ ಮನಃಪೂರ್ವಕವಾಗಿ ತನ್ನದಾಗಿ ಮಾಡಿಕೊಂಡಿದ್ದಾಳೋ? ಹೌದೆಂದರೆ, ಅದರ ವೆಚ್ಚವನ್ನು ತಿಳಿದು ಹೇಳುತ್ತಿದ್ದಾಳೋ? ಒಂದು ವೇಳೆ ಅವಳಿಗೆ ಆ ನಂಬಿಕೆಯೇ ಇಲ್ಲದಿದ್ದರೆ, ಅದನ್ನು ತಂದೆಯ ಮುಂದೆ ಹೇಳುವ ಸ್ವಾತಂತ್ರ್ಯ ಅವಳಿಗುಂಟೋ? ಈ ಮಾತುಕತೆಯು ಚೀಟಿ ಎತ್ತುವದಕ್ಕಿಂತ ಕಷ್ಟವಾದದ್ದು, ಅದಕ್ಕಾಗಿಯೇ ನಾವು ಚೀಟಿಯನ್ನು ಇಷ್ಟಪಡುತ್ತೇವೆ. ಚೀಟಿ ತಪ್ಪಾದರೆ ದೂರು ದೇವರ ಮೇಲೆ ಹೋಗುತ್ತದೆ.

ಇದು ಒಂದೇ ಸಾಯಂಕಾಲದಲ್ಲಿ ಮುಗಿಯುವ ಕೆಲಸವೂ ಅಲ್ಲ. ಅರ್ಜಿಯ ಕಡೆಯ ದಿನದ ಹಿಂದಿನ ರಾತ್ರಿ ದೇವರ ಚಿತ್ತವನ್ನು ಕೇಳುವವನಿಗೆ ಗಡಿಯಾರದ ಶಬ್ದವೇ ಕೇಳಿಸೀತು. ಮಕ್ಕಳು ಹತ್ತನೆಯ ತರಗತಿಯಲ್ಲಿರುವಾಗಲೇ ಮನೆಯಲ್ಲಿ ಇದನ್ನು ಮಾತಾಡಬೇಕು. ತಾಳ್ಮೆಯುಳ್ಳ ಒಬ್ಬಿಬ್ಬರ ಆಲೋಚನೆಯನ್ನು ಕೇಳಬೇಕು. ನಾವು ಕೇಳಬಯಸುವದನ್ನೇ ಹೇಳುವ ಹತ್ತು ಮಂದಿಯನ್ನಲ್ಲ.

ಸಭೆಗೂ ಒಂದು ಮಾತನ್ನು ಹೇಳಿ ಈ ಪಾಠವನ್ನು ನಿಲ್ಲಿಸುವೆವು. ಕೌಂಡಿನ್ಯನು ತನ್ನ ಪಾಲಿಗೆ ಬಂದ ಆಸ್ತಿಯಿಂದ 1850ರ ದಶಕದಲ್ಲಿ ಕೊಡಗಿನಲ್ಲಿ ಭೂಮಿಯನ್ನು ಕೊಳ್ಳಲು ಹಣ ಕೊಟ್ಟನು. ಕ್ರೈಸ್ತರಾದ ಹೊಲೆಯರು ಒಡೆಯರ ಹಂಗಿಲ್ಲದೆ ಉತ್ತು ಬಿತ್ತಿ ಬದುಕಲೆಂದು ಅಲ್ಲಿ ಊರು ಕಟ್ಟಲ್ಪಟ್ಟಿತು; ಅವನ ಹೆಸರಿನ ಮೇಲೆ ಅದಕ್ಕೆ ಆನಂದಪುರವೆಂದು ಹೆಸರಾಯಿತು. ನಿಜವನ್ನು ಹೇಳಿರೆಂದು ಬಡವರಿಗೆ ಬೋಧಿಸಿ ಅವರನ್ನು ಬರಿಗೈಯಲ್ಲಿ ಕಳುಹಿಸಿಬಿಡಬಾರದೆಂಬದು ಆ ಕಾಲದವರಿಗೆ ತಿಳಿದಿತ್ತು. ನಮ್ಮ ಸಭೆಗಳಲ್ಲಿ ಕಾಫಿ ತೋಟ ಕೊಳ್ಳುವಷ್ಟು ಹಣವಿಲ್ಲ. ಆದರೆ ಸತ್ಯವನ್ನು ಬರೆದುಕೊಟ್ಟು ಮೀಸಲಾತಿಯನ್ನು ಕಳಕೊಂಡ ಹುಡುಗಿಗೆ ಮುಂದಿನ ಪರೀಕ್ಷೆಯ ತರಬೇತಿಯ ಫೀಜು ಎಷ್ಟಾಗುವದು, ದಾವಣಗೆರೆಯಲ್ಲಿ ಒಂದು ವರುಷದ ಹಾಸ್ಟೆಲಿಗೆ ಎಷ್ಟು ಬೇಕು, ಪ್ರವರ್ಗ 1ರ ಪತ್ರಕ್ಕಾಗಿ ಅವಳೊಂದಿಗೆ ಕಚೇರಿಗೆ ಅಲೆದಾಡಲು ಯಾರಿಗೆ ಬಿಡುವುಂಟು, ಮಿಷನ್ ಆಸ್ಪತ್ರೆಗಳಲ್ಲಿ ಕೆಲಸವಿದೆಯೋ ಎಂದು ಪತ್ರ ಬರೆದು ವಿಚಾರಿಸುವವರು ಯಾರು, ಇವನ್ನು ಹಿರಿಯರು ಕೂತು ಬರೆದುಕೊಳ್ಳಬಹುದು. ಮೆಕ್ಕೆಜೋಳ ಮಾರಿ ಕೈಯಲ್ಲಿ ನಾಲ್ಕು ಕಾಸು ಆಡುವ ತಿಂಗಳಿನಲ್ಲಿ ಸುಗ್ಗಿಯ ಕಾಣಿಕೆಯೆತ್ತುವಾಗ ಇದಕ್ಕೆಂದು ಬೇರೆ ಪೆಟ್ಟಿಗೆಯಿಡಬಹುದು. ಕಳೆದ ವರುಷದ ಕಾಣಿಕೆಯಲ್ಲಿ ಎಷ್ಟು ಸುಣ್ಣಬಣ್ಣಕ್ಕೂ ಧ್ವನಿವರ್ಧಕಕ್ಕೂ ಹೋಯಿತು, ಎಷ್ಟು ಮಕ್ಕಳ ಓದಿಗೆ ಹೋಯಿತೆಂಬದು ಸಭೆಯ ಲೆಕ್ಕದ ಪುಸ್ತಕದಲ್ಲೇ ಅದೆ. ಬರುವ ಸಭಾಕೂಟಕ್ಕೆ ಆ ಪುಸ್ತಕವನ್ನೂ ತೆಗೆದುಕೊಂಡು ಬನ್ನಿರಿ.